ಅಬ್ಬಿಯ ಸದ್ದು, ತೀರ್ಪುಗಾರರ ಕಿವಿ

ಹೊನ್ನಾವರದಲ್ಲಿ ಶರಾವತಿಯ ಸೇತುವೆ ದಾಟಿ ತೆಂಕಕ್ಕೆ ಸಾಗಿ, ಕಾಸರಕೋಡಿನ ಗಾಳಿಮರಗಳನ್ನು ಹಿಂದೆ ಬಿಟ್ಟು, ಹೆದ್ದಾರಿಯಿಂದ ಕಡಲ ಕಡೆಗೆ ಹೊರಳಿದರೆ ದಾರಿ ಕಿರಿದಾಗುತ್ತದೆ. ಎರಡೂ ಬದಿ ಚಿರೆಕಲ್ಲಿನ ಪಾಗಾರ, ಪಾಗಾರದ ಮೈಗೆ ಹಸಿರು ಪಾಚಿ, ಅದರಾಚೆ ತೆಂಗಿನ ನೆರಳು, ಅಂಗಳದಲ್ಲಿ ರಾಶಿ ಬಿದ್ದ ಗರಿಗಳು, ಗಾಳಿ ತಿರುಗಿದಾಗಲೆಲ್ಲ ಎಲ್ಲಿಂದಲೋ ತೇಲಿ ಬರುವ ಒಣಮೀನಿನ ಘಾಟು. ಅಪ್ಸರಕೊಂಡ ಕಣ್ಣಿಗೆ ಬೀಳುವ ಮೊದಲು ಕಿವಿಗೆ ಬೀಳುತ್ತದೆ. ಮೆಟ್ಟಿಲು ಇಳಿಯುತ್ತಿದ್ದಂತೆ ಮರಗಳ ನಡುವಿನಿಂದ ಅಬ್ಬಿಯ ಸದ್ದು ಏರುತ್ತ ಬರುತ್ತದೆ. ಕಡೆಯ ತಿರುವಿನಲ್ಲಿ ಬಂಡೆಯ ಮೇಲಿಂದ ಬಿಳಿಯಾಗಿ ಇಳಿಯುವ ನೀರು, ಬುಡದಲ್ಲಿ ತಣ್ಣನೆಯ ಕೊಂಡ, ಪಕ್ಕದಲ್ಲಿ ಪಾಂಡವರ ಹೆಸರು ಹೊತ್ತ ಗುಹೆಗಳು. ಅಪ್ಸರೆಯರು ಮೀಯಲು ಇಳಿದದ್ದು ಇಲ್ಲಿಗೇ ಎಂದು ಊರಿನವರು ಹೇಳುತ್ತಾರೆ. ಗುಡ್ಡ ಹತ್ತಿದರೆ ಮಠ, ಗುಡಿ, ಆಮೇಲೆ ಒಮ್ಮೆಲೇ ತೆರೆದುಕೊಳ್ಳುವ ಅರಬ್ಬಿ ಸಮುದ್ರ.

ಈಗ ಇಲ್ಲಿಗೆ ಕ್ಯಾಮೆರಾ ಹಿಡಿದ ಹುಡುಗ ಹುಡುಗಿಯರೂ ಬರುತ್ತಾರೆ. ಒಬ್ಬನ ಬೆನ್ನಿಗೆ ಚೀಲ, ಒಬ್ಬಳ ಕೈಯಲ್ಲಿ ಮೂರು ಕಾಲಿನ ಸ್ಟ್ಯಾಂಡು, ಇನ್ನೊಬ್ಬ ಅಮ್ಮನ ಹಳೆಯ ಸೀರೆ, ತಾಮ್ರದ ಕೊಡ ಹೊತ್ತು ಹಿಂದೆ. ಕಾಲು ಜಾರದಂತೆ ಬಂಡೆಗೆ ಬಂಡೆ ಹಿಡಿದು ಇಳಿಯುತ್ತಾರೆ, ಮಸೂರಕ್ಕೆ ಹಾರಿದ ಹನಿಯನ್ನು ಅಂಗಿಯ ತುದಿಯಿಂದ ಒರೆಸುತ್ತಾರೆ, ಎಲೆಗಳ ಸಂದಿಯ ಬಿಸಿಲು ನೀರಿನ ಮೇಲೆ ಬೀಳುವುದನ್ನೇ ಕಾದು ಕೂರುತ್ತಾರೆ. ಬಿಸಿಲು ಬಂದಾಗ ನಟ ತಯಾರಿಲ್ಲ, ನಟ ತಯಾರಾದಾಗ ಮೋಡ. ಎಲ್ಲ ಕೂಡಿ ಬಂತು ಅನ್ನುವಾಗ ಮಾತೇ ಕೇಳಿಸದು, ಏಕೆಂದರೆ ಅಬ್ಬಿಯ ಭೋರ್ಗರೆತ ಮೈಕಿನ ತುಂಬ ಕೂತಿರುತ್ತದೆ. ತಿಳಿದವನು ಆಗ ಜಗಳಕ್ಕಿಳಿಯುವುದಿಲ್ಲ. ಎಲ್ಲರನ್ನೂ ಸುಮ್ಮನಿರಿಸಿ ಬರೀ ನೀರಿನ ಸದ್ದನ್ನು ಒಂದೆರಡು ನಿಮಿಷ ಬೇರೆಯಾಗಿ ಹಿಡಿದಿಟ್ಟುಕೊಳ್ಳುತ್ತಾನೆ. ಮಾತನ್ನು ಗುಹೆಯ ಮರೆಗೋ ಮೇಲಿನ ಮೆಟ್ಟಿಲಿಗೋ ಒಯ್ಯುತ್ತಾನೆ. ಎರಡನ್ನೂ ಆಮೇಲೆ ಹದವಾಗಿ ಬೆರೆಸುತ್ತಾನೆ. ಕಿರುಚಿತ್ರವೊಂದರ ಹಣೆಬರಹ ಬಹಳ ಸಲ ನಿರ್ಧಾರವಾಗುವುದು ಇಂಥ ಎರಡು ನಿಮಿಷಗಳ ತಾಳ್ಮೆಯಲ್ಲಿ.

ಆ ಚಿತ್ರ ಮುಂದೆ ಯಾವುದೋ ಊರಿನ ಯುವ ಚಿತ್ರೋತ್ಸವಕ್ಕೆ ಹೋಗುತ್ತದೆ. ಅಲ್ಲಿ ಕತ್ತಲೆಯ ಕೋಣೆಯಲ್ಲಿ ಮೂವರೋ ಐವರೋ ತೀರ್ಪುಗಾರರು. ಬೆಳಗಿನಿಂದ ಒಂದರ ಹಿಂದೊಂದು ಚಿತ್ರ. ಮಡಿಲಲ್ಲಿ ಕಾಗದ, ಕತ್ತಲಲ್ಲೇ ಗೀಚಿದ ಸೊಟ್ಟ ಅಕ್ಷರ, ನಡುವೆ ಆರಿದ ಚಹಾ. ಸಂಜೆಗೆ ಬಾಗಿಲು ಹಾಕಿಕೊಂಡು ಮಾತಿಗೆ ಕೂರುತ್ತಾರೆ. ಒಬ್ಬರಿಗೆ ಮೆಚ್ಚಿದ್ದು ಇನ್ನೊಬ್ಬರಿಗೆ ಸಪ್ಪೆ. ಪ್ರೇಕ್ಷಕರ ಪ್ರಶಸ್ತಿಗಾದರೆ ಮತ ಎಣಿಸಿದರೆ ಮುಗಿಯಿತು. ಇಲ್ಲಿ ಒಬ್ಬರು ಇನ್ನೊಬ್ಬರನ್ನು ಒಪ್ಪಿಸಬೇಕು. ‘ತೀರ್ಪುಗಾರರ ವಿಶೇಷ ಪ್ರಶಸ್ತಿ’ ಎಂಬುದು ಸಾಮಾನ್ಯವಾಗಿ ಸಲ್ಲುವುದು ಮೊದಲ ಸ್ಥಾನಕ್ಕೆ ಎಟುಕದ, ಆದರೆ ಬಿಟ್ಟುಬಿಡಲು ಯಾರಿಗೂ ಮನಸ್ಸು ಬಾರದ ಚಿತ್ರಕ್ಕೆ. ನನಗೆ ಈ ಪ್ರಶಸ್ತಿಯ ಮೇಲೆಯೇ ಹೆಚ್ಚು ಅಕ್ಕರೆ. ತಪ್ಪುಗಳಿದ್ದರೂ ಜೀವ ಇದೆ ಎಂದು ಹಿರಿಯರು ಕಿರಿಯರಿಗೆ ಹೇಳುವ ಮಾತು ಅದು.

ಈ ಕರಾವಳಿಗೆ ಅಂಥ ಮನ್ನಣೆ ಹೊಸದಲ್ಲ. ಶಂಕರ್ ನಾಗ್ ಹುಟ್ಟಿದ್ದು 1954ರ ನವೆಂಬರ್ 9ರಂದು, ಇದೇ ಹೊನ್ನಾವರದ ಸೀಮೆಯಲ್ಲಿ. ಅಣ್ಣ ಅನಂತ್ ನಾಗ್ ಬಾಲ್ಯದಲ್ಲಿ ಓದಿದ್ದು ಭಟ್ಕಳದ ಬಳಿಯ ಚಿತ್ರಾಪುರ ಮಠದ ಆಶ್ರಯದಲ್ಲಿ. ಮುಂಬಯಿಯ ಮರಾಠಿ ರಂಗಭೂಮಿಯಲ್ಲಿ ಪಳಗುತ್ತಿದ್ದ ತಮ್ಮನನ್ನು ಗಿರೀಶ ಕಾರ್ನಾಡರು ಕರೆತಂದು ‘ಒಂದಾನೊಂದು ಕಾಲದಲ್ಲಿ’ ಚಿತ್ರದ ಕೂಲಿ ಯೋಧ ಗಂಡುಗಲಿಯನ್ನಾಗಿ ಮಾಡಿದರು. ಕಾರ್ನಾಡರೂ ಬಾಲ್ಯ ಕಳೆದದ್ದು ಇದೇ ಜಿಲ್ಲೆಯ ಶಿರಸಿಯಲ್ಲಿ. ಜಪಾನಿನ ನಿರ್ದೇಶಕ ಕುರೊಸಾವಾನ ಸಮುರಾಯ್ ಚಿತ್ರಗಳ ಗುಂಗಿನಲ್ಲಿ ಹುಟ್ಟಿದ ಆ ಕಥೆ ನಮ್ಮ ಕಾಡು, ಕೋಟೆ, ಕತ್ತಿವರಸೆಗಳಲ್ಲಿ ಬೇರೂರಿ 1978ರಲ್ಲಿ ತೆರೆಗೆ ಬಂತು. 1979ರ ಆರಂಭದಲ್ಲಿ ದೆಹಲಿಯಲ್ಲಿ ನಡೆದ ಭಾರತದ ಏಳನೆಯ ಅಂತರರಾಷ್ಟ್ರೀಯ ಚಿತ್ರೋತ್ಸವದಲ್ಲಿ ಅತ್ಯುತ್ತಮ ನಟನಿಗೆ ಸಲ್ಲುವ ರಜತ ಮಯೂರ ಶಂಕರನ ಕೈ ಸೇರಿತು. ಆಗ ಅವನಿಗೆ ಇಪ್ಪತ್ತನಾಲ್ಕು ವರ್ಷ. ಅಪ್ಸರಕೊಂಡದ ಬಂಡೆ ಇಳಿಯುವ ಈ ಹುಡುಗರಿಗಿಂತ ನಾಲ್ಕಾರು ವರ್ಷ ಹಿರಿಯ, ಅಷ್ಟೇ.

ಇನ್ನೂ ಹತ್ತಿರದ ಕಥೆ ನಟೇಶ್ ಹೆಗಡೆಯದು. ಇದೇ ಉತ್ತರ ಕನ್ನಡದ ಘಟ್ಟದ ಮೇಲಿನ ಹುಡುಗ. ಕಿರುಚಿತ್ರ ಮಾಡಿ ಕೈ ಪಳಗಿಸಿಕೊಂಡು, ಮೊದಲ ದೊಡ್ಡ ಚಿತ್ರಕ್ಕೆ ಹೊರಟಾಗ ತನ್ನ ಸೀಮೆಯ ಕೆಸರು, ಮಳೆ, ಜೀರುಂಡೆ ಸದ್ದುಗಳ ನಡುವೆಯೇ ಕ್ಯಾಮೆರಾ ನಿಲ್ಲಿಸಿದರು; ನಾಯಕನ ಪಾತ್ರಕ್ಕೆ ಸ್ವಂತ ತಂದೆಯನ್ನೇ ನಿಲ್ಲಿಸಿದರು. ಊರಿಗೆ ಬೆಳಕು ಕೊಟ್ಟು ತಾನು ಊರ ಅಂಚಿನಲ್ಲೇ ಉಳಿಯುವ ವಿದ್ಯುತ್ ಕೆಲಸದವನ ಆ ಕಥೆ ‘ಪೆದ್ರೊ’ 2021ರಲ್ಲಿ ಬೂಸಾನ್ ಚಿತ್ರೋತ್ಸವದ ಸ್ಪರ್ಧೆಗೆ ಹೋಯಿತು. ಅದೇ ವರ್ಷ ಚೀನಾದ ಪಿಂಗ್ಯಾವೊದಲ್ಲಿ ಅತ್ಯುತ್ತಮ ನಿರ್ದೇಶಕ ಪ್ರಶಸ್ತಿ ತಂದಿತು. ದೂರದ ತೀರ್ಪುಗಾರರಿಗೆ ಘಟ್ಟದ ಕನ್ನಡ ಬಾರದು. ಆದರೂ ಆ ಮಳೆಯ ಕೆಳಗೆ ನಿಂತ ಮನುಷ್ಯನ ಒಂಟಿತನ ಅವರಿಗೆ ತಟ್ಟಿತು.

ಅಜ್ಜಿ ಕಥೆಯೂ ಹೀಗೆಯೇ ಗಡಿ ದಾಟಿದ್ದುಂಟು. ಮುದುಕಿಯೊಬ್ಬಳು ಊರಿನ ಕೋಳಿಹುಂಜವನ್ನು ಕದ್ದೊಯ್ದದ್ದರಿಂದ ಬೆಳಗೇ ಆಗದೆ ಹೋಯಿತೆಂಬ ನಮ್ಮ ಜನಪದ ಕಥೆಯನ್ನು, ಮೈಸೂರಿನಲ್ಲಿ ವೈದ್ಯಕೀಯ ಓದಿ ಸಿನಿಮಾಕ್ಕೆ ಹೊರಳಿದ ಚಿದಾನಂದ ಎಸ್. ನಾಯ್ಕ್ ಪುಣೆಯ ಚಲನಚಿತ್ರ ಸಂಸ್ಥೆಯ ವಿದ್ಯಾರ್ಥಿಯಾಗಿದ್ದಾಗ ಹದಿನಾರು ನಿಮಿಷಗಳ ಕನ್ನಡ ಚಿತ್ರ ಮಾಡಿದರು. ಚಿತ್ರೀಕರಣಕ್ಕೆ ಸಿಕ್ಕದ್ದು ನಾಲ್ಕೇ ದಿನ. 2024ರ ಮೇ ತಿಂಗಳಲ್ಲಿ ನಡೆದ ಕಾನ್ ಚಿತ್ರೋತ್ಸವದ ವಿದ್ಯಾರ್ಥಿ ವಿಭಾಗ ‘ಲಾ ಸಿನೆಫ್’ಗೆ ಜಗತ್ತಿನ 555 ಸಿನಿಮಾ ಶಾಲೆಗಳಿಂದ 2,263 ಚಿತ್ರಗಳು ಬಂದಿದ್ದವು. ಆಯ್ದದ್ದು 18. ಅವುಗಳಲ್ಲಿ ಮೊದಲ ಬಹುಮಾನ, 15,000 ಯೂರೊ, ನಮ್ಮ ಹುಂಜದ ಕಥೆಗೆ.

ಕೊಂಡದ ದಡದಲ್ಲಿ ಕೂತು ಇದನ್ನೆಲ್ಲ ನೆನೆಯುವಾಗ ನನಗನ್ನಿಸುತ್ತದೆ, ಈ ಸೀಮೆಯಲ್ಲಿ ಕಥೆಗಳೇನೂ ಕಡಿಮೆಯಿಲ್ಲ. ಕಾಸರಕೋಡು ಟೊಂಕದ ಮರಳಲ್ಲಿ ಕಡಲಾಮೆ ಬಂದು ಮೊಟ್ಟೆಯಿಡುತ್ತದೆ. ಶರಾವತಿಯ ಅಳಿವೆಯಲ್ಲಿ ಹೆಂಗಸರು ಸೊಂಟಮಟ್ಟ ನೀರಲ್ಲಿ ನಿಂತು ಚಿಪ್ಪಿ ಆಯುತ್ತಾರೆ. ಕಾಂಡ್ಲಾ ಗಿಡಗಳ ಬೇರಿನ ಸಂದಿಯಲ್ಲಿ ಏಡಿ ಅಡ್ಡಡ್ಡ ಓಡುತ್ತದೆ. ನೋಡಬಲ್ಲ ಕಣ್ಣೂ ಇಲ್ಲುಂಟು. ತುಸು ದೂರದ ಗುಣವಂತೆ, ಯಕ್ಷಗಾನದ ಕೆರೆಮನೆ ಮನೆತನದವರ ಊರು. ಶಿವರಾಮ ಹೆಗಡೆಯವರು 1934ರಲ್ಲಿ ಕಟ್ಟಿದ ಇಡಗುಂಜಿ ಮಹಾಗಣಪತಿ ಯಕ್ಷಗಾನ ಮಂಡಳಿ ತಲೆಮಾರುಗಳಿಂದ ಆಡುತ್ತಿರುವ ನೆಲ. ಇಲ್ಲಿನ ಪ್ರೇಕ್ಷಕ ರಾತ್ರಿಯಿಡೀ ಚಾಪೆಯ ಮೇಲೆ ಕೂತು, ಹೆಜ್ಜೆ ತಾಳ ತಪ್ಪಿದರೆ ಹುಬ್ಬು ಗಂಟಿಕ್ಕಿ, ಅರ್ಥಗಾರಿಕೆಯಲ್ಲಿ ಒಂದು ಮಾತು ಚುರುಕಾಗಿ ಬಿದ್ದರೆ ‘ಹಾಂ!’ ಎಂದು ತಲೆದೂಗಿದವನು. ಬೆಳಗ್ಗೆ ಚಹಾದಂಗಡಿಯಲ್ಲಿ ಕೌರವನ ಪಾತ್ರಧಾರಿ ಎಲ್ಲಿ ಸೋತ, ಎಲ್ಲಿ ಗೆದ್ದ ಎಂದು ಅವನಾಡುವ ಮಾತಿಗಿಂತ ದೊಡ್ಡ ತೀರ್ಪು ಬೇರೆ ಬೇಕೆ? ಇಷ್ಟಿದ್ದೂ ಹುಡುಗರ ಚಿತ್ರ ಮೊದಲು ಹೋಗುವುದು ಬೆಂಗಳೂರಿಗೆ, ಪುಣೆಗೆ, ಫೋನಿನ ಪರದೆಗೆ. ಯಾರ ಅಂಗಳದಲ್ಲಿ ಚಿತ್ರೀಕರಿಸಿದರೋ ಅವರ ಕಣ್ಣಿಗೆ ಬೀಳುವುದೇ ಇಲ್ಲ.

ಹೊನ್ನಾವರ, ಕುಮಟೆ, ಭಟ್ಕಳದ ಕಾಲೇಜುಗಳ ಮೇಷ್ಟ್ರುಗಳಲ್ಲಿ, ಊರಿನ ಯುವಕ ಸಂಘದವರಲ್ಲಿ ನನ್ನದೊಂದು ಕೋರಿಕೆ. ಮಳೆ ನಿಂತ ಮೇಲೆ ಒಂದು ಸಂಜೆ ಶಾಲೆಯ ಬಯಲಲ್ಲಿ ಪರದೆ ಕಟ್ಟಿಸಿ, ಈ ಮಕ್ಕಳ ಹತ್ತು–ಹದಿನೈದು ನಿಮಿಷದ ಚಿತ್ರಗಳನ್ನು ತೋರಿಸಿ. ಧ್ವನಿವರ್ಧಕ ಒಳ್ಳೆಯದಿರಲಿ. ಮೂವರು ತೀರ್ಪುಗಾರರನ್ನು ಕೂರಿಸಿ. ಸಿನಿಮಾ ಬಲ್ಲವರೊಬ್ಬರು ಇರಲಿ, ಜೊತೆಗೆ ಮೇಳದ ಕಲಾವಿದರೊಬ್ಬರು, ದೋಣಿಗೆ ಹೋಗುವವರೊಬ್ಬರು. ಬಹುಮಾನ ಕೊಡುವಾಗ, ಯಾಕೆ ಕೊಟ್ಟೆವೆಂಬುದನ್ನು ನಾಲ್ಕು ಸಾಲಿನಲ್ಲಿ ಬರೆದು ಓದಿ ಹೇಳಿ. ಸಿಗದವರಿಗೂ ಎಲ್ಲಿ ಎಡವಿದರೆಂದು ಪಕ್ಕದಲ್ಲಿ ಕೂರಿಸಿಕೊಂಡು ತಿಳಿಸಿ.