ಪಿ53 ಮತ್ತು ಗಡ್ಡೆ ತಡೆಯುವ ಪ್ರೋಟೀನುಗಳು

ಜೀವಕೋಶವೊಂದು ಎರಡಾಗುವ ಮುನ್ನ ಕೆಲವು ಪ್ರೋಟೀನುಗಳ ತಡೆಯನ್ನು ದಾಟಬೇಕು. ಡಿಎನ್ಎ ಕೆಟ್ಟಿದ್ದರೆ ಅವು ವಿಭಜನೆಯನ್ನು ನಿಲ್ಲಿಸುತ್ತವೆ. ಸರಿಪಡಿಸಲಾಗದಷ್ಟು ಕೆಟ್ಟಿದ್ದರೆ ಕೋಶವನ್ನೇ ಸಾಯಿಸುತ್ತವೆ. ಗಡ್ಡೆ ನಿರೋಧಕ ಪ್ರೋಟೀನುಗಳೆಂದರೆ ಇವೇ. ಕ್ಯಾನ್ಸರನ್ನು ಮಿತಿಮೀರಿದ ಬೆಳವಣಿಗೆ ಎನ್ನುವುದು ರೂಢಿ. ಆದರೆ ಬೆಳೆಯುವ ಶಕ್ತಿ ಹೆಚ್ಚಿದ್ದಷ್ಟೇ ಅಲ್ಲ, ತಡೆಯುವವರು ಇಲ್ಲವಾದದ್ದೂ ಅದಕ್ಕೆ ಕಾರಣ.

ಇದರ ಮೊದಲ ಸುಳಿವು ಸಿಕ್ಕಿದ್ದು 1969ರಲ್ಲಿ. ಆಕ್ಸ್‌ಫರ್ಡಿನ ಹೆನ್ರಿ ಹ್ಯಾರಿಸ್ ಮತ್ತು ಸಂಗಡಿಗರು ಇಲಿಯ ಕ್ಯಾನ್ಸರ್ ಕೋಶವನ್ನು ಕ್ಯಾನ್ಸರಿಲ್ಲದ ಕೋಶದೊಡನೆ ಬೆಸೆದಾಗ, ಆ ಮಿಶ್ರಕೋಶ ಗಡ್ಡೆ ಕಟ್ಟುವ ಗುಣವನ್ನೇ ಕಳೆದುಕೊಂಡಿತು. ಕ್ರಮೇಣ ಕೆಲವು ವರ್ಣತಂತುಗಳು ಉದುರಿಹೋದ ಮೇಲೆ ಆ ಗುಣ ಮರಳಿತು. 1971ರಲ್ಲಿ ಆಲ್ಫ್ರೆಡ್ ನಡ್ಸನ್ ಮಕ್ಕಳ ಅಕ್ಷಿಪಟಲದ ಕ್ಯಾನ್ಸರನ್ನು ಅಭ್ಯಸಿಸಿ ಒಂದು ಲೆಕ್ಕ ಮುಂದಿಟ್ಟರು. ಪ್ರತಿ ಜೀನಿಗೂ ತಂದೆಯದೊಂದು, ತಾಯಿಯದೊಂದು ಪ್ರತಿ ಇರುತ್ತದೆ. ರೋಗ ಬರಲು ಎರಡೂ ಕೆಡಬೇಕು. ಒಂದು ಪ್ರತಿ ಹುಟ್ಟಿನಿಂದಲೇ ಕೆಟ್ಟಿರುವ ಮಗುವಿಗೆ ಇನ್ನೊಂದೇ ಪೆಟ್ಟು ಸಾಕು. ಹಾಗಾಗಿ ಅಂಥ ಮಕ್ಕಳಲ್ಲಿ ರೋಗ ಬೇಗ ಕಾಣಿಸುತ್ತದೆ, ಎಷ್ಟೋ ಸಲ ಎರಡೂ ಕಣ್ಣಿಗೆ ಬರುತ್ತದೆ. 13ನೇ ವರ್ಣತಂತುವಿನ ಮೇಲಿರುವ ಆ ಆರ್‌ಬಿ ಜೀನು 1986ರಲ್ಲಿ ಕೈಗೆ ಸಿಕ್ಕಿತು.

ಈ ಬಳಗದಲ್ಲಿ ಹೆಚ್ಚು ಅಭ್ಯಾಸಕ್ಕೆ ಒಳಗಾದದ್ದು ಪಿ53. 393 ಅಮೈನೋ ಆಮ್ಲಗಳ ಈ ಪ್ರೋಟೀನು 1979ರಲ್ಲಿ ಪತ್ತೆಯಾದಾಗ ಅದನ್ನು ಕ್ಯಾನ್ಸರ್ ತರುವ ಪ್ರೋಟೀನೆಂದೇ ತಿಳಿಯಲಾಗಿತ್ತು. ಪ್ರಯೋಗಾಲಯಗಳಲ್ಲಿ ಬಳಕೆಯಲ್ಲಿದ್ದ ಜೀನಿನ ಪ್ರತಿಗಳೇ ಕೆಟ್ಟಂಥವು. 1989ರಲ್ಲಿ ಬರ್ಟ್ ವೋಗಲ್‌ಸ್ಟೈನ್ ತಂಡ ದೊಡ್ಡಕರುಳಿನ ಗಡ್ಡೆಗಳನ್ನು ಪರೀಕ್ಷಿಸಿ, ಜೀನಿನ ಒಂದು ಪ್ರತಿ ಕಾಣೆಯಾಗಿ ಉಳಿದದ್ದು ಕೆಟ್ಟಿರುವುದನ್ನು ತೋರಿಸಿದ ಮೇಲೆ ಹತ್ತು ವರ್ಷಗಳ ತಿಳಿವಳಿಕೆ ತಿರುಗುಮುರುಗಾಯಿತು.

ಆರೋಗ್ಯವಾಗಿರುವ ಕೋಶದಲ್ಲಿ ಪಿ53 ತಯಾರಾಗುತ್ತಲೇ ಇರುತ್ತದೆ, ನಿಮಿಷಗಳಲ್ಲಿ ನಾಶವೂ ಆಗುತ್ತದೆ. ಎಂಡಿಎಂ2 ಎಂಬ ಪ್ರೋಟೀನು ಅದನ್ನು ಹಿಡಿದು ವಿಲೇವಾರಿಗೆ ಕಳಿಸುತ್ತದೆ. ಡಿಎನ್ಎ ತುಂಡಾದರೆ ಈ ಹಿಡಿತ ಸಡಿಲಗೊಂಡು ಪಿ53 ಶೇಖರವಾಗುತ್ತದೆ, ಅದರ ನಾಲ್ಕು ಅಣುಗಳು ಕೂಡಿಕೊಂಡು ಡಿಎನ್ಎ ಮೇಲೆ ಕೂರುತ್ತವೆ. ಆಗ ಪಿ21 ಮುಂತಾದ ಪ್ರೋಟೀನುಗಳು ಹುಟ್ಟಿ ವಿಭಜನೆ ನಿಲ್ಲುತ್ತದೆ, ದುರಸ್ತಿಗೆ ಸಮಯ ಸಿಗುತ್ತದೆ. ದುರಸ್ತಿ ಅಸಾಧ್ಯವಾದರೆ ಕೋಶವನ್ನು ಸಾವಿಗೆ ದೂಡುವ ಜೀನುಗಳು ಜಾಗೃತವಾಗುತ್ತವೆ.

ನಾಲ್ಕು ಅಣುಗಳ ಈ ಕೂಟವೇ ಪಿ53ರ ದೌರ್ಬಲ್ಯವೂ ಹೌದು. ನಾಲ್ವರು ಹೊತ್ತ ಪಲ್ಲಕ್ಕಿಯಲ್ಲಿ ಒಬ್ಬ ಕುಸಿದರೆ ಪಲ್ಲಕ್ಕಿ ವಾಲುವಂತೆ, ಕೂಟದಲ್ಲಿ ಕೆಟ್ಟ ಅಣು ಸೇರಿದರೆ ಒಳ್ಳೆಯವುಗಳ ಕೆಲಸವೂ ಕೆಡುತ್ತದೆ. ನಡ್ಸನ್ ಹೇಳಿದ ಎರಡನೆಯ ಪೆಟ್ಟು ಬೀಳುವ ಮೊದಲೇ ಹಾನಿ ಶುರುವಾಗಿರುತ್ತದೆ. ಮನುಷ್ಯರ ಕ್ಯಾನ್ಸರುಗಳಲ್ಲಿ ಹೆಚ್ಚುಕಡಿಮೆ ಅರ್ಧದಷ್ಟರಲ್ಲಿ ಈ ಜೀನು ಕೆಟ್ಟಿರುತ್ತದೆ.

ಕೆಡಿಸಿದವರ ಗುರುತು ಕೆಲವೊಮ್ಮೆ ಜೀನಿನಲ್ಲೇ ಉಳಿದಿರುತ್ತದೆ. ಸರಿಯಾಗಿ ಒಣಗದೆ ಬೂಷ್ಟು ಹಿಡಿದ ಶೇಂಗಾ, ಮೆಕ್ಕೆಜೋಳದಲ್ಲಿ ಹುಟ್ಟುವ ಅಫ್ಲಾಟಾಕ್ಸಿನ್ ವಿಷ ಯಕೃತ್ತಿನ ಕೋಶಗಳಲ್ಲಿ ಪಿ53ರ 249ನೇ ಸ್ಥಾನವನ್ನೇ ಹೆಚ್ಚಾಗಿ ಬದಲಿಸುತ್ತದೆ. ಗರ್ಭಕಂಠದ ಕ್ಯಾನ್ಸರಿನಲ್ಲಿ ಮಾತ್ರ ಜೀನು ಸಾಮಾನ್ಯವಾಗಿ ಚೆನ್ನಾಗಿಯೇ ಇರುತ್ತದೆ. ಅಲ್ಲಿ ಎಚ್‌ಪಿವಿ ವೈರಸ್ಸಿನ ಇ6 ಪ್ರೋಟೀನು ಪಿ53ನ್ನು ನಾಶಕ್ಕೆ ಒಪ್ಪಿಸುತ್ತದೆ, ಇ7 ಆರ್‌ಬಿಯನ್ನು ಕಟ್ಟಿಹಾಕುತ್ತದೆ. ಎಚ್‌ಪಿವಿ ಲಸಿಕೆ ಸೋಂಕನ್ನೇ ತಡೆಯುವುದರಿಂದ ಎರಡೂ ಉಳಿಯುತ್ತವೆ. ಹೆಣ್ಣುಮಕ್ಕಳಿಗೆ ಈ ಲಸಿಕೆ ತಪ್ಪದೆ ಸಿಗಬೇಕು ಎನ್ನುವುದಕ್ಕೆ ಇದಕ್ಕಿಂತ ಬಲವಾದ ಕಾರಣ ಬೇಕಿಲ್ಲ.

ಚಿಕಿತ್ಸೆಯ ದಾರಿ ಕಷ್ಟದ್ದು. ಅತಿಯಾಗಿ ದುಡಿಯುವ ಪ್ರೋಟೀನನ್ನು ಔಷಧದಿಂದ ತಡೆಯಬಹುದು, ಇಲ್ಲವಾದದ್ದನ್ನು ಮರಳಿ ತರುವುದು ಸುಲಭವಲ್ಲ. ಚೀನಾ 2003ರಲ್ಲಿ ಪಿ53 ಜೀನನ್ನು ವೈರಸ್ಸಿನ ಮೂಲಕ ಗಡ್ಡೆಗೆ ಸೇರಿಸುವ ಚಿಕಿತ್ಸೆಗೆ ಒಪ್ಪಿಗೆ ಕೊಟ್ಟರೂ ಅದು ಬೇರೆಡೆ ವ್ಯಾಪಕವಾಗಿ ಬಳಕೆಗೆ ಬರಲಿಲ್ಲ. ಹೆಚ್ಚು ಫಲ ಕೊಟ್ಟಿರುವುದು ಕೊರತೆಯನ್ನೇ ಗುರಿಯಾಗಿಸುವ ಉಪಾಯ. ಡಿಎನ್ಎ ದುರಸ್ತಿಯ ಬಿಆರ್‌ಸಿಎ ಪ್ರೋಟೀನು ಇಲ್ಲದ ಸ್ತನ ಮತ್ತು ಅಂಡಾಶಯದ ಕ್ಯಾನ್ಸರ್ ಕೋಶಗಳು ಇನ್ನೊಂದು ದುರಸ್ತಿ ಮಾರ್ಗವನ್ನೇ ನೆಚ್ಚಿಕೊಂಡಿರುತ್ತವೆ. 2014ರಲ್ಲಿ ಒಪ್ಪಿಗೆ ಪಡೆದ ಓಲಾಪರಿಬ್ ಆ ಮಾರ್ಗವನ್ನೂ ಮುಚ್ಚುತ್ತದೆ. ಬಿಆರ್‌ಸಿಎ ಇರುವ ಆರೋಗ್ಯಕರ ಕೋಶಗಳು ಬಹುಮಟ್ಟಿಗೆ ಉಳಿದುಕೊಳ್ಳುತ್ತವೆ, ಕ್ಯಾನ್ಸರ್ ಕೋಶಗಳು ಸಾಯುತ್ತವೆ.