ಹುಳಿಹಿಟ್ಟು ಕಲಿಸಿದ ಪಾಠ

ಸ್ತ್ರೀಯೊಬ್ಬಳು ಮೂರು ಅಳತೆ ಹಿಟ್ಟಿನಲ್ಲಿ ಹುಳಿಹಿಟ್ಟನ್ನು ಬೆರೆಸಿಡುವ ಸಾಮತಿಯೊಂದು ಮತ್ತಾಯನ ಶುಭಸಂದೇಶದಲ್ಲಿದೆ. ಅದರ ಮೇಲೆ ಎಷ್ಟೋ ಬಾರಿ ಪ್ರಬೋಧನೆ ನೀಡಿದ್ದೇನೆ; ಆದರೆ ಬ್ರೆಡ್ ಮಾಡಲು ಹಿಟ್ಟಿಗೆ ಕೈಹಚ್ಚಿದ್ದು ಐವತ್ತು ದಾಟಿದ ಮೇಲೆ.

ಮೊದಲ ರೊಟ್ಟಿ ಕಲ್ಲಾಯಿತು. ಬೇಗನೆ ಉಬ್ಬಲೆಂದು ಯೀಸ್ಟಿಗೆ ಕುದಿಯುವ ನೀರನ್ನೇ ಸುರಿದಿದ್ದೆ. "ಅದಕ್ಕೂ ಜೀವ ಉಂಟಲ್ಲ ಫಾದರ್, ಸುಟ್ಟರೆ ಏಳುತ್ತದಾ?" ಎಂದು ಅಡುಗೆಯಾಕೆ ನಕ್ಕರು. ಹುದುಗುವಿಕೆ ಜೀವಾಣುಗಳ ಕಾರ್ಯವೆಂದು ಲೂಯಿ ಪಾಸ್ಚರ್ 1857ರಲ್ಲಿ ಪ್ರತಿಪಾದಿಸಿದುದನ್ನು ನಾನು ಓದಿದ್ದೆ. ಆಕೆ ಅದನ್ನು ಅರಿತಿದ್ದರು.

ಅರ್ಧ ಕಿಲೋ ಮೈದಾಕ್ಕೆ 7 ಗ್ರಾಂ ಒಣ ಯೀಸ್ಟ್, 10 ಗ್ರಾಂ ಉಪ್ಪು, 300 ಮಿ.ಲೀ. ಉಗುರುಬೆಚ್ಚಗಿನ ನೀರು. ಹತ್ತು ನಿಮಿಷ ಚೆನ್ನಾಗಿ ನಾದಿ, ಒದ್ದೆ ಬಟ್ಟೆ ಮುಚ್ಚಿ, ಇಮ್ಮಡಿಯಾಗುವವರೆಗೆ ಕಾಯಬೇಕು. ನಮ್ಮ ಸೆಕೆಯಲ್ಲಿ ಸುಮಾರು ಒಂದು ಗಂಟೆ. ಬಳಿಕ ಆಕಾರ ಕೊಟ್ಟು, ಮತ್ತೆ ಅರ್ಧ ಗಂಟೆ ಬಿಟ್ಟು, 220 ಡಿಗ್ರಿ ಸೆಲ್ಸಿಯಸ್ ಕಾವಿನ ಓವನ್‌ನಲ್ಲಿ ಅರ್ಧ ಗಂಟೆ ಬೇಯಿಸಬೇಕು. ತಳವನ್ನು ತಟ್ಟಿದಾಗ ಟೊಳ್ಳು ಸದ್ದು ಬಂದರೆ ಬೆಂದಿದೆಯೆಂದರ್ಥ. ಶೇಂದಿ ಬೆರೆಸಿ ಸನ್ನ ಮಾಡುವ ಕರಾವಳಿಯ ತಾಯಂದಿರಿಗೆ ಈ ಕಾಯುವಿಕೆ ಹೊಸದೇನಲ್ಲ.

ಅದೇ ವಾರ, ಧರ್ಮೋಪದೇಶದ ತರಗತಿಗೆ ತಡವಾಗಿ ಬಂದ ಬಾಲಕನೊಬ್ಬನನ್ನು ಎಲ್ಲರೆದುರು ಗದರಿಸಿದ್ದೆ. ಮುಂದಿನ ಭಾನುವಾರ ಅವನು ಬರಲಿಲ್ಲ. ಕಲ್ಲಾದ ರೊಟ್ಟಿಯನ್ನು ಕಂಡಾಗಲೆಲ್ಲ ಅವನ ಮುಖ ನೆನಪಾಗುತ್ತಿತ್ತು. ಸರಿಯಾಗಿ ಉಬ್ಬಿದ ಮೊದಲ ರೊಟ್ಟಿಯನ್ನು ಅವನ ಮನೆಗೆ ಒಯ್ದು ಕ್ಷಮೆ ಕೇಳಿದೆ. ಅವನಿನ್ನೂ ತರಗತಿಗೆ ಬಂದಿಲ್ಲ, ಕಾಯುತ್ತಿದ್ದೇನೆ.

ತಂದೆತಾಯಿಯರೇ, ಮಕ್ಕಳನ್ನು ತಿದ್ದುವ ಮುನ್ನ ಕೈಯಲ್ಲಿರುವ ನೀರಿನ ಬಿಸಿಯನ್ನೊಮ್ಮೆ ಪರೀಕ್ಷಿಸೋಣ. ಎಬ್ಬಿಸಬೇಕಾದುದನ್ನು ನಾವೇ ಸುಡದಿರೋಣ.