ಬೆಕ್ಕಿಗೆ ಚೆಲ್ಲಾಟ, ಇಲಿಗೆ ಪ್ರಾಣಸಂಕಟ

ಕೀಟಲೆ, ಗೇಲಿ, ಲೇವಡಿ, ಕುಚೋದ್ಯ, ಚೇಷ್ಟೆ - ಒಬ್ಬರನ್ನೊಬ್ಬರು ಕಾಡುವುದನ್ನು ಹೇಳಲು ಕನ್ನಡದಲ್ಲಿ ಪದಗಳಿಗೆ ಬರವಿಲ್ಲ. ಆದರೆ ಇವುಗಳಲ್ಲಿ ಯಾವುದೂ ಇಂಗ್ಲಿಷಿನ ‘ಬುಲ್ಲಿಯಿಂಗ್’ಗೆ ಪೂರ್ತಿಯಾಗಿ ಹೊಂದುವುದಿಲ್ಲ. ‘ಕಿರುಕುಳ’ ಹತ್ತಿರ ಬರುತ್ತದಾದರೂ ಅತ್ತೆ ಮನೆಯ ಹಿಂಸೆಗೂ, ಕಚೇರಿಯ ಕಾಟಕ್ಕೂ ಅದೇ ಪದ. ಶಾಲೆಯಲ್ಲಿ ನಡೆಯುವುದಕ್ಕೆ ಪ್ರತ್ಯೇಕ ಹೆಸರಿಲ್ಲದಿರುವುದರಿಂದಲೋ ಏನೋ, ‘ಮಕ್ಕಳೆಂದ ಮೇಲೆ ಇದೆಲ್ಲ ಇದ್ದದ್ದೇ’ ಎಂದು ಹಿರಿಯರು ಸುಮ್ಮನಾಗುವುದೇ ಹೆಚ್ಚು.

ಇದು ‘ಇದ್ದದ್ದೇ’ ಅಲ್ಲ, ಅಧ್ಯಯನ ಮಾಡಬೇಕಾದ ವಿಷಯ ಎಂಬ ಅರಿವು ಮೊದಲು ಮೂಡಿದ್ದು ಸ್ಕಾಂಡಿನೇವಿಯಾದಲ್ಲಿ. 1960ರ ದಶಕದ ಕೊನೆಯಲ್ಲಿ ಸ್ವೀಡನ್ನಿನ ವೈದ್ಯ ಪೀಟರ್ ಪಾಲ್ ಹೈನೆಮಾನ್, ಮಕ್ಕಳ ಗುಂಪೊಂದು ಒಬ್ಬನ ಮೇಲೆ ಮುಗಿಬೀಳುವುದನ್ನು ‘ಮಾಬಿಂಗ್’ ಎಂದು ಕರೆದರು. ಸಣ್ಣ ಹಕ್ಕಿಗಳು ಒಟ್ಟಾಗಿ ಗೂಬೆಯ ಮೇಲೆ ಎರಗುವುದಕ್ಕೆ ಪ್ರಾಣಿಶಾಸ್ತ್ರಜ್ಞರು ಬಳಸುತ್ತಿದ್ದ ಪದವದು. ಆದರೆ 1970ರ ದಶಕದಲ್ಲಿ ಶಾಲೆಗಳನ್ನು ಅಧ್ಯಯನ ಮಾಡಿದ ಮನಃಶಾಸ್ತ್ರಜ್ಞ ಡಾನ್ ಓಲ್ವಿಯಸ್ ಕಂಡದ್ದು ಬೇರೆ. ಇದು ಗುಂಪಿನ ಕ್ಷಣಿಕ ಆವೇಶವಲ್ಲ; ಅನೇಕ ವೇಳೆ ಒಬ್ಬಿಬ್ಬರು ಅದೇ ಹುಡುಗನನ್ನು ದಿನವೂ ಕಾಡುತ್ತಾರೆ. 1982ರಲ್ಲಿ ಉತ್ತರ ನಾರ್ವೆಯ ಮೂವರು ಬಾಲಕರು ಆತ್ಮಹತ್ಯೆ ಮಾಡಿಕೊಂಡಾಗ, ಸಹಪಾಠಿಗಳ ಕಾಟವೇ ಕಾರಣವೆಂಬ ಕೂಗು ಎದ್ದಿತು. ಮರುವರ್ಷ ಅಲ್ಲಿನ ಸರ್ಕಾರ ದೇಶದಾದ್ಯಂತ ಶಾಲಾ ಆಂದೋಲನ ನಡೆಸಿತು.

ಓಲ್ವಿಯಸ್ ಕೊಟ್ಟ ಮೂರು ಲಕ್ಷಣಗಳು ಇಂದಿಗೂ ಬಳಕೆಯಲ್ಲಿವೆ: ನೋಯಿಸುವ ಉದ್ದೇಶ, ಪದೇ ಪದೇ ನಡೆಯುವುದು, ಬಲದ ಅಸಮತೋಲನ. ಸಮಬಲದ ಇಬ್ಬರು ಗೆಳೆಯರು ಕೈಕೈ ಮಿಲಾಯಿಸಿದರೆ ಅದು ಜಗಳ. ತಿರುಗಿ ಮಾತಾಡಲಾಗದವನನ್ನು ನಿತ್ಯವೂ ಕೆಣಕಿದರೆ ಅದು ಕಿರುಕುಳ.

ಬಲವೆಂದರೆ ತೋಳ್ಬಲವೊಂದೇ ಅಲ್ಲ. ಹಿರಿಯ ತರಗತಿ, ಜಾತಿ, ಹಣ, ಮೈಬಣ್ಣ, ಇಂಗ್ಲಿಷ್ - ಎಲ್ಲವೂ ಬಲವೇ. ‘ಹಾಲು’ ಎನ್ನುವ ಬದಲು ‘ಆಲು’ ಎನ್ನುವ ಹುಡುಗನನ್ನು ತರಗತಿಯೆಲ್ಲ ಅಣಕಿಸುವುದನ್ನು ಹಳೇ ಮೈಸೂರಿನವರು ಬಲ್ಲರು. ಒಮ್ಮೆಯಾದರೆ ಅವನೂ ನಕ್ಕಾನು. ವರ್ಷವಿಡೀ ನಡೆದರೆ ಅವನು ತರಗತಿಯಲ್ಲಿ ಬಾಯಿ ತೆರೆಯುವುದನ್ನೇ ಬಿಡುತ್ತಾನೆ. ಮನೆಯ ಮಾತೇ ಅವನಿಗೆ ಅವಮಾನವಾಗಿ ಕಾಣತೊಡಗುತ್ತದೆ.

ಭಾರತದಲ್ಲಿ ಕಾನೂನಿನ ಕಣ್ಣಿಗೆ ಮೊದಲು ಬಿದ್ದದ್ದು ಕಾಲೇಜಿನ ‘ರ್‍ಯಾಗಿಂಗ್’. ಕರ್ನಾಟಕದ 1983ರ ಶಿಕ್ಷಣ ಕಾಯ್ದೆಯೇ ಇದನ್ನು ವ್ಯಾಖ್ಯಾನಿಸಿದೆ. ಬೆದರಿಸಿ, ಅಡ್ಡಗಟ್ಟಿ ವಿದ್ಯಾರ್ಥಿಯನ್ನು ನಗೆಪಾಟಲಿಗೀಡು ಮಾಡುವ ಇಲ್ಲವೇ ಮನುಷ್ಯಘನತೆಗೆ ಕುಂದು ತರುವ ಕೆಲಸಕ್ಕೆ ಹಚ್ಚಿದರೆ, ತಮಾಷೆಗಾಗಿ ಮಾಡಿದ್ದೆಂದರೂ ಅದು ರ್‍ಯಾಗಿಂಗ್. ಅಂದರೆ ‘ಸುಮ್ಮನೆ ತಮಾಷೆಗೆ’ ಎಂಬ ಸಬೂಬಿಗೆ ಇಲ್ಲಿ ಜಾಗವಿಲ್ಲ. 1996ರಲ್ಲಿ ತಮಿಳುನಾಡಿನ ಅಣ್ಣಾಮಲೈ ವಿಶ್ವವಿದ್ಯಾಲಯದಲ್ಲಿ ಮೊದಲ ವರ್ಷದ ವೈದ್ಯಕೀಯ ವಿದ್ಯಾರ್ಥಿಯ ಕೊಲೆ, 2009ರಲ್ಲಿ ಹಿಮಾಚಲ ಪ್ರದೇಶದ ವೈದ್ಯಕೀಯ ಕಾಲೇಜೊಂದರಲ್ಲಿ ವಿದ್ಯಾರ್ಥಿಯ ಸಾವು ದೇಶವನ್ನೇ ಬೆಚ್ಚಿಬೀಳಿಸಿದವು. 2009ರಲ್ಲಿ ಯುಜಿಸಿ ಕಟ್ಟುನಿಟ್ಟಿನ ನಿಯಮಗಳನ್ನು ತಂದಿತು. 2016ರ ತಿದ್ದುಪಡಿಯಲ್ಲಿ ಜಾತಿ, ಧರ್ಮ, ಬಣ್ಣ, ರೂಪ, ಭಾಷೆ, ಹುಟ್ಟಿದ ಊರು, ಆರ್ಥಿಕ ಸ್ಥಿತಿ ಇವುಗಳ ಆಧಾರದ ಮೇಲೆ ಪೀಡಿಸುವುದನ್ನೂ, ಹೊರಗಿಡುವುದನ್ನೂ ರ್‍ಯಾಗಿಂಗ್ ಎಂದೇ ಸೇರಿಸಲಾಯಿತು.

ಮೊಬೈಲ್ ಬಂದ ಮೇಲೆ ಈ ಅಳತೆಗೋಲೂ ಸಾಲದಾಗಿದೆ. ಒಮ್ಮೆ ಹಾಕಿದ ಚಿತ್ರ ನೂರು ಕೈ ದಾಟುತ್ತದೆ. ಮಾಡಿದವನು ಒಂದೇ ಸಲ ಮಾಡಿದರೂ ನೋಯುವವಳಿಗೆ ಅದು ನೂರು ಸಲ. ಬಲವೂ ಬೇಕಿಲ್ಲ, ಸುಳ್ಳು ಹೆಸರೊಂದು ಸಾಕು. ಹಿಂದೆ ಶಾಲೆಯ ಗಂಟೆ ಬಾರಿಸಿದರೆ ಮನೆಯಲ್ಲಾದರೂ ನೆಮ್ಮದಿಯಿತ್ತು. ಈಗ ಕಾಟ ಹಾಸಿಗೆಯವರೆಗೂ ಬರುತ್ತದೆ. ಮಾಹಿತಿ ತಂತ್ರಜ್ಞಾನ ಕಾಯ್ದೆಯ 66ಎ ಸೆಕ್ಷನ್ ಅಸ್ಪಷ್ಟವಾಗಿದೆ, ವಾಕ್ ಸ್ವಾತಂತ್ರ್ಯಕ್ಕೆ ಮಾರಕ ಎಂದು ಸುಪ್ರೀಂ ಕೋರ್ಟ್ 2015ರಲ್ಲಿ ರದ್ದುಪಡಿಸಿತು. ಖಾಸಗಿ ಚಿತ್ರ ಹರಡುವುದು, ಅಶ್ಲೀಲತೆ, ಬೆದರಿಕೆ, ಹೆಣ್ಣುಮಕ್ಕಳನ್ನು ಅಂತರ್ಜಾಲದಲ್ಲಿ ಹಿಂಬಾಲಿಸುವುದು ಇವೆಲ್ಲ ಇಂದಿಗೂ ಅಪರಾಧಗಳೇ. ಆದರೆ ಅಣಕ, ಒಂಟಿಯಾಗಿಸುವುದು ಇಂಥವು ಬಹಳಷ್ಟು ಸಲ ಯಾವ ಸೆಕ್ಷನ್ನಿಗೂ ಸಿಗವು.

ಹೀಗಾಗಿ ಮೊದಲ ಹೊಣೆ ಪೊಲೀಸರಿಗಿಂತ ಮನೆಯವರದು, ಮೇಷ್ಟರದು. ಚೆನ್ನಾಗಿದ್ದ ಮಗು ಇದ್ದಕ್ಕಿದ್ದಂತೆ ಶಾಲೆಗೆ ಹೋಗಲು ಒಲ್ಲೆನೆಂದರೆ, ಮೊಬೈಲ್ ಸದ್ದಾದಾಗ ಬೆಚ್ಚಿದರೆ ಗದರಿಸದೆ ವಿಚಾರಿಸಬೇಕು. ಮಕ್ಕಳ ಸಹಾಯವಾಣಿ 1098ಕ್ಕೆ, ಕಾಲೇಜಿನವರು ರ್‍ಯಾಗಿಂಗ್ ತಡೆಯ 1800-180-5522ಕ್ಕೆ ಕರೆ ಮಾಡಬಹುದು. ಇನ್ನು ಅದು ತಮಾಷೆಯೋ ಅಲ್ಲವೋ ಎಂಬ ಪ್ರಶ್ನೆ ಬಂದರೆ, ಅದನ್ನು ಬೆಕ್ಕನ್ನಲ್ಲ, ಇಲಿಯನ್ನು ಕೇಳಬೇಕು.